ಕಿವಿಯೋಲೆಯ ಹನ್ನೆರಡು ಅಂಕಿಗಳು ಮತ್ತು ನಮ್ಮ ಅಮಾನತ್

ಅಲ್ಲಾಹನು ಮನುಷ್ಯನಿಗೆ ಕರುಣಿಸಿದ ಅನುಗ್ರಹಗಳಲ್ಲಿ ಜಾನುವಾರುಗಳಿಗೆ ವಿಶೇಷ ಸ್ಥಾನವಿದೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಅಧ್ಯಾಯಕ್ಕೆ ಅಲ್ ಬಕರಃ, ಅಂದರೆ ಹಸು ಎಂಬ ಹೆಸರಿದೆ. ಅನ್ನಹ್ಲ್ ಅಧ್ಯಾಯದಲ್ಲಿ ಜಾನುವಾರುಗಳಿಂದ ದೊರೆಯುವ ಆಹಾರ ಮತ್ತು ಪ್ರಯೋಜನಗಳನ್ನು ನೆನಪಿಸುವುದರ ಜೊತೆಗೆ, ಮುಂಜಾನೆ ಮೇಯಲು ಬಿಡುವಾಗಲೂ ಸಂಜೆ ಮರಳಿ ತರುವಾಗಲೂ ಅವುಗಳಲ್ಲಿ ಕಾಣುವ ಚೆಲುವನ್ನೂ ಒಂದು ಅನುಗ್ರಹವೆಂದು ಎಣಿಸಲಾಗಿದೆ. ಅಲ್ ಅನ್‌ಆಮ್ ಅಧ್ಯಾಯವು ಭೂಮಿಯ ಮೇಲಿನ ಪ್ರಾಣಿಗಳೂ ಮನುಷ್ಯರಂತೆಯೇ ಸಮುದಾಯಗಳೆಂದು ತಿಳಿಸುತ್ತದೆ. ಹೀಗೆ ನೋಡಿದರೆ ಕೊಟ್ಟಿಗೆಯಲ್ಲಿ ಕಟ್ಟಿರುವ ಹಸು ನಮ್ಮ ಸೊತ್ತು ಮಾತ್ರವಲ್ಲ. ನಮ್ಮ ವಶಕ್ಕೆ ಒಪ್ಪಿಸಲಾದ ಒಂದು ಅಮಾನತ್ ಕೂಡ ಹೌದು. ಅಮಾನತ್ತಿನ ಬಗ್ಗೆ ಪರಲೋಕದಲ್ಲಿ ಪ್ರಶ್ನೆಯಿದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಇಂದು ಯಾವ ಹಳ್ಳಿಯ ಡೇರಿಯ ಮುಂದೆ ನಿಂತರೂ, ಯಾವ ಕೊಟ್ಟಿಗೆಯೊಳಗೆ ಹೋದರೂ ರಾಸುಗಳ ಕಿವಿಯಲ್ಲಿ ಹಳದಿ ಬಣ್ಣದ ಓಲೆ ಕಾಣುತ್ತದೆ. ಅದರ ಮೇಲೆ ಹನ್ನೆರಡು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಜನರು ಇದನ್ನು ಹಸುವಿನ ಆಧಾರ್ ಎನ್ನುತ್ತಾರೆ. ಒಂದೆರಡು ಸೀಮೆಹಸುಗಳ ಹಾಲಿನಿಂದಲೇ ಮಕ್ಕಳ ಶಾಲಾ ಶುಲ್ಕ ಭರಿಸುವ ಮುಸ್ಲಿಮ್ ಕುಟುಂಬಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿವೆ. ಸಂತೆಯಲ್ಲಿ ರಾಸುಗಳನ್ನು ಕೊಂಡು ಮಾರುವವರೂ ಇದ್ದಾರೆ. ಇವರಲ್ಲಿ ಅನೇಕರು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರಾಣಿಯ ಕಿವಿಯನ್ನು ಚುಚ್ಚಿ ಗುರುತು ಹಾಕುವುದನ್ನು ಧರ್ಮ ಒಪ್ಪುತ್ತದೆಯೇ? ಈ ಸಂಖ್ಯೆ ನಾಳೆ ನಮ್ಮ ಮೇಲೆಯೇ ಸಂಶಯದ ಅಸ್ತ್ರವಾಗುವುದಿಲ್ಲವೇ?

ಎರಡೂ ನ್ಯಾಯವಾದ ಪ್ರಶ್ನೆಗಳು. ಅವುಗಳಿಗೆ ಉತ್ತರ ಹುಡುಕುತ್ತಾ ಹೋದರೆ ನನಗೆ ತೋಚುವುದಿಷ್ಟು: ಕಿವಿಯ ಗುರುತು ಒಂದು ಸಾಕ್ಷ್ಯ. ರಾಸಿನ ಒಡೆಯನೂ ಅಧಿಕಾರಿಯೂ ಅದನ್ನು ಸತ್ಯವಾಗಿಟ್ಟರೆ ಮಾತ್ರ ಅದಕ್ಕೆ ಬೆಲೆ. ಓಲೆ ಹಾಕಿಸಿ, ಮಾರಾಟವಾದಾಗ ಹೆಸರು ಬದಲಿಸದೆ, ಸತ್ತಾಗ ತಿಳಿಸದೆ ಬಿಟ್ಟುಬಿಡುವುದು ಸುಳ್ಳು ಸಾಕ್ಷ್ಯವನ್ನು ದಾಖಲೆಯಲ್ಲಿ ಉಳಿಸಿದಂತೆ.

ಸಂಖ್ಯೆಯ ಹಿಂದೆ ಏನಿದೆ?

ಮೊದಲು ಈ ಓಲೆ ಏನು, ಏನಲ್ಲ ಎಂಬುದು ಸ್ಪಷ್ಟವಾಗಬೇಕು. ಇದು ಸುಮಾರು 8 ಗ್ರಾಂ ತೂಗುವ ಪ್ಲಾಸ್ಟಿಕ್ಕಿನಂತಹ ಹಗುರ ವಸ್ತುವಿನ ಎರಡು ಭಾಗಗಳ ಗುಂಡಿ. ಅದರಲ್ಲಿ ಬ್ಯಾಟರಿಯಿಲ್ಲ. ಉಪಗ್ರಹದೊಂದಿಗೆ ಮಾತನಾಡುವ ಯಾವ ಯಂತ್ರವೂ ಇಲ್ಲ. ಹಸು ಎಲ್ಲಿ ಮೇಯುತ್ತಿದೆ, ಯಾವ ವಾಹನದಲ್ಲಿ ಹೋಗುತ್ತಿದೆ ಎಂದು ಅದು ಯಾರಿಗೂ ತಿಳಿಸುವುದಿಲ್ಲ. ಸಂಖ್ಯೆಯನ್ನು ಒಬ್ಬ ಮನುಷ್ಯ ಕಣ್ಣಿನಿಂದ ಅಥವಾ ಮೊಬೈಲಿನಿಂದ ಓದಬೇಕು. ಓದಿದಾಗ ದಾಖಲೆ ತೆರೆಯುತ್ತದೆ: ತಳಿ, ವಯಸ್ಸು, ಒಡೆಯನ ಹೆಸರು, ಊರು, ಹಾಕಿದ ಲಸಿಕೆ, ಕೃತಕ ಗರ್ಭಧಾರಣೆಯ ದಿನ, ಕರು ಹಾಕಿದ ದಿನ, ಪಡೆದ ಚಿಕಿತ್ಸೆ.

ಈ ದಾಖಲೆಯನ್ನು ಮೊದಲು ರೂಪಿಸಿದ್ದು ರಾಷ್ಟ್ರೀಯ ಹೈನುಗಾರಿಕಾ ಅಭಿವೃದ್ಧಿ ಮಂಡಳಿ. ಇನಾಫ್ ಎಂಬ ಹೆಸರಿನ ಆ ವ್ಯವಸ್ಥೆ ಈಗ ಭಾರತ್ ಪಶುಧನ್ ಎಂಬ ಹೊಸ ರೂಪ ಪಡೆದಿದೆ. 2017ರ ಆರಂಭದಲ್ಲಿ ಕೇಂದ್ರ ಸರ್ಕಾರವು ಹಾಲು ಕೊಡುವ ಸುಮಾರು 8.8 ಕೋಟಿ ಹಸು ಎಮ್ಮೆಗಳಿಗೆ ಓಲೆ ಹಾಕಿಸುವ ಯೋಜನೆಯನ್ನು ಕೈಗೊಂಡಿತು. 2019ರ ಸೆಪ್ಟೆಂಬರ್‌ನಲ್ಲಿ ಕಾಲುಬಾಯಿ ಜ್ವರ ಮತ್ತು ಕಂದು ರೋಗದ ವಿರುದ್ಧ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ ಲಸಿಕೆಯ ಜೊತೆಗೇ ಓಲೆಯೂ ಹಳ್ಳಿಹಳ್ಳಿಗೆ ಬಂದಿತು. ಆ ಕಾರ್ಯಕ್ರಮಕ್ಕೆ ಐದು ವರ್ಷಗಳಿಗೆ 12,652 ಕೋಟಿ ರೂಪಾಯಿಗಳನ್ನು ನಿಗದಿಪಡಿಸಲಾಗಿತ್ತು. ಯಾವ ರಾಸಿಗೆ ಲಸಿಕೆ ಬಿದ್ದಿದೆ, ಯಾವುದು ಬಿಟ್ಟುಹೋಗಿದೆ ಎಂದು ತಿಳಿಯದೆ ಇಷ್ಟು ದೊಡ್ಡ ಕೆಲಸ ನಡೆಯುವುದು ಸಾಧ್ಯವಿಲ್ಲ.

ಪ್ರವಾದಿ ಚರ್ಯೆಯಲ್ಲಿ ಗುರುತು

ಇನ್ನು ಧರ್ಮದ ಪ್ರಶ್ನೆ. ಸಹೀಹ್ ಬುಖಾರಿಯಲ್ಲಿ ಹಝ್ರತ್ ಅನಸ್(ರ) ವರದಿ ಮಾಡಿರುವ ಒಂದು ಪ್ರಸಂಗವಿದೆ. ಅವರು ತಮ್ಮ ನವಜಾತ ಸಹೋದರನನ್ನು ಎತ್ತಿಕೊಂಡು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಹೋದಾಗ, ಪ್ರವಾದಿವರ್ಯರು ಕೈಯಲ್ಲಿ ಗುರುತು ಹಾಕುವ ಸಾಧನ ಹಿಡಿದು ಸದಕಾದ ಒಂಟೆಗಳಿಗೆ ಸ್ವತಃ ಗುರುತು ಹಾಕುತ್ತಿದ್ದರು. ಇನ್ನೊಂದು ವರದಿಯಲ್ಲಿ ಅವರು ದೊಡ್ಡಿಯಲ್ಲಿ ಕುರಿಗಳಿಗೆ ಗುರುತು ಹಾಕುತ್ತಿದ್ದುದರ ವಿವರವಿದೆ. ಆ ಗುರುತನ್ನು ಕಿವಿಗಳ ಮೇಲೆ ಹಾಕಲಾಗುತ್ತಿತ್ತು ಎಂಬ ಉಲ್ಲೇಖವೂ ಅಲ್ಲಿಯೇ ಬರುತ್ತದೆ. ಝಕಾತಿನ ಪ್ರಾಣಿಗಳು ಬಡವರ ಹಕ್ಕು. ಅವು ಇತರರ ಹಿಂಡಿನಲ್ಲಿ ಬೆರೆತುಹೋಗಬಾರದು, ದಾರಿ ತಪ್ಪಿದರೆ ಸಿಕ್ಕವನು ಗುರುತಿಸಿ ಮರಳಿಸಬೇಕು ಎಂಬುದೇ ಈ ಗುರುತಿನ ಉದ್ದೇಶವೆಂದು ವಿದ್ವಾಂಸರು ವಿವರಿಸಿದ್ದಾರೆ.

ಆದರೆ ಅದೇ ಪ್ರವಾದಿ(ಸ)ರು ಗುರುತಿಗೆ ಒಂದು ಮಿತಿಯನ್ನೂ ಹಾಕಿದರು. ಮುಖದ ಮೇಲೆ ಬರೆ ಹಾಕಲಾಗಿದ್ದ ಒಂದು ಕತ್ತೆಯನ್ನು ಕಂಡಾಗ ಹಾಗೆ ಮಾಡಿದವನ ಮೇಲೆ ಅಲ್ಲಾಹನ ಶಾಪವಿರಲಿ ಎಂದು ಅವರು ನುಡಿದುದನ್ನು ಹಝ್ರತ್ ಜಾಬಿರ್(ರ) ವರದಿ ಮಾಡಿದ್ದಾರೆ. ಇದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ಎರಡು ಹದೀಸ್‌ಗಳನ್ನು ಒಟ್ಟಿಗೆ ಓದಿದರೆ ನಿಲುವು ಸ್ಪಷ್ಟವಾಗುತ್ತದೆ. ಹಕ್ಕನ್ನು ಕಾಪಾಡುವ ಸಲುವಾಗಿ ಪ್ರಾಣಿಗೆ ಗುರುತು ಹಾಕಬಹುದು. ಆದರೆ ಅದು ಕ್ರೌರ್ಯವಾಗಬಾರದು.

ಕಾದ ಕಬ್ಬಿಣಕ್ಕೆ ಹೋಲಿಸಿದರೆ ಇಂದಿನ ಓಲೆ ಎಷ್ಟೋ ಮೃದು. ಆದರೂ ಎಚ್ಚರ ಬೇಕು. ಓಲೆಯನ್ನು ಕಿವಿಯ ನಡುಭಾಗದಲ್ಲಿ, ರಕ್ತನಾಳಗಳನ್ನು ತಪ್ಪಿಸಿ, ಶುಚಿಯಾದ ಸಾಧನದಿಂದಲೇ ಹಾಕಬೇಕು. ನೊಣಗಳ ಕಾಲದಲ್ಲಿ ಗಾಯಕ್ಕೆ ಹುಳು ಬೀಳದಂತೆ ಕೆಲವು ದಿನ ನೋಡಿಕೊಳ್ಳಬೇಕು. ಕೀವಾದರೆ ಪಶುವೈದ್ಯರಿಗೆ ತೋರಿಸಬೇಕೇ ಹೊರತು ಓಲೆಯನ್ನು ಕಿತ್ತೆಸೆಯಬಾರದು. ಕುರ್ಬಾನಿಯ ಕುರಿ ಮೇಕೆಗಳ ಕಿವಿಯಲ್ಲಿ ಇಂತಹ ರಂಧ್ರವಿದ್ದರೆ ಏನು ಎಂಬ ಪ್ರಶ್ನೆಯೂ ಬರುತ್ತದೆ. ಕಿವಿಯ ಹೆಚ್ಚು ಭಾಗ ಕತ್ತರಿಸಿಹೋಗಿದ್ದರೆ ಅದು ದೋಷ. ಸಣ್ಣ ರಂಧ್ರದಿಂದ ಕುರ್ಬಾನಿ ಅಸಿಂಧುವಾಗುವುದಿಲ್ಲವೆಂಬುದು ಹನಫೀ ವಿದ್ವಾಂಸರ ಸಾಮಾನ್ಯ ನಿಲುವು. ಓಲೆ ಹರಿದು ಕಿವಿ ಸೀಳಿದ್ದರೆ ಆಯಾ ಊರಿನ ಉಲೇಮಾರಿಗೆ ತೋರಿಸಿ ಕೇಳಿಕೊಳ್ಳುವುದು ಒಳಿತು.

ಹಲ್ಲು, ಸುಳಿ ಮತ್ತು ಹುಕುಂನಾಮೆ

ಪ್ರತಿ ರಾಸನ್ನೂ ಬೇರೆಬೇರೆಯಾಗಿ ಗುರುತಿಸುವುದು ನಮ್ಮ ನಾಡಿಗೆ ಹೊಸ ವಿಷಯವಲ್ಲ. ಗೋವಿನ ಹಾಡಿನ ಗೊಲ್ಲನು ತನ್ನ ಹಸುಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆಯುವುದನ್ನು ನಮ್ಮ ಮಕ್ಕಳು ಕನ್ನಡ ಶಾಲೆಯಲ್ಲಿ ಕಲಿಯುತ್ತಾರೆ. ಪ್ರವಾದಿ(ಸ)ರ ಒಂಟೆಗೆ ಕಸ್‌ವಾ ಎಂಬ ಹೆಸರಿತ್ತು, ಹೇಸರಗತ್ತೆಗೆ ದುಲ್‌ದುಲ್ ಎಂಬ ಹೆಸರಿತ್ತು. ಮುಳಬಾಗಿಲು ತಾಲ್ಲೂಕಿನ ಆವಣಿಯ ದನಗಳ ಜಾತ್ರೆಗೆ ಹೋಗುವ ರೈತ ಎತ್ತಿನ ತುಟಿ ಬಿಡಿಸಿ ಹಲ್ಲು ಎಣಿಸುತ್ತಾನೆ, ಮೈಮೇಲಿನ ಸುಳಿ ನೋಡುತ್ತಾನೆ, ಕೊಂಬು, ಗೊರಸು, ನಡಿಗೆ ಪರೀಕ್ಷಿಸುತ್ತಾನೆ. ಅಲ್ ಬಕರಃ ಅಧ್ಯಾಯದಲ್ಲಿ ಬನೀ ಇಸ್ರಾಈಲರು ಹಸುವಿನ ಬಗ್ಗೆ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಅದರ ವಯಸ್ಸೆಷ್ಟು, ಬಣ್ಣ ಯಾವುದು, ಅದು ಹೊಲ ಉಳುವ ಹಸುವೇ, ಮೈಯಲ್ಲಿ ಕಲೆಯಿದೆಯೇ ಎಂದು.

ರಾಜ್ಯದ ಮಟ್ಟದಲ್ಲಿಯೂ ಇಂತಹ ಲೆಕ್ಕವಿತ್ತು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಇಂದಿನ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಜನಿಸಿದ ಹೈದರ್ ಅಲಿ ಬೆಳೆಸಿದರು. ಟಿಪ್ಪು ಸುಲ್ತಾನರು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ರಾಸುಗಳ ಪಾಲನೆಗೆ ಒಂದು ಹುಕುಂನಾಮೆಯನ್ನೇ ಹೊರಡಿಸಿದರು. 1799ರ ನಂತರ ಬ್ರಿಟಿಷರು ಕೂಡ ಆ ನಿಯಮಗಳಲ್ಲಿ ಬಹುಪಾಲನ್ನು ಮುಂದುವರಿಸಿದರು. ಮುಂದೆ 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಅದೇ ಹಿಂಡನ್ನು ಮಾರಿಬಿಟ್ಟು, ಆ ತಪ್ಪನ್ನು ಅರಿತು 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಒಂದು ತಳಿಯನ್ನು ಕಾಪಾಡಲು ತಲೆಮಾರುಗಳ ಲೆಕ್ಕ ಬೇಕು. ಚದುರಿಸಲು ಒಂದು ಆದೇಶ ಸಾಕಾಯಿತು.

ಹಲ್ಲು ನೋಡುವ ವಿದ್ಯೆಗೆ ಒಂದು ಮಿತಿಯಿದೆ. ಸುಮಾರು ಐದು ವರ್ಷಕ್ಕೆ ರಾಸಿನ ಬಾಯಿ ಕೂಡುತ್ತದೆ. ಆಮೇಲೆ ಹಲ್ಲಿನ ಸವೆತದಿಂದ ವಯಸ್ಸನ್ನು ಅಂದಾಜು ಮಾಡಬಹುದೇ ವಿನಾ ಖಚಿತವಾಗಿ ಹೇಳಲಾಗದು. ಹುಟ್ಟಿದ ದಿನವನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ ಅದು ತಿಳಿಯುತ್ತದೆ. ಈ ಸಂಗತಿ ಎಷ್ಟು ಮುಖ್ಯವೆಂಬುದನ್ನು ಮುಂದೆ ನೋಡೋಣ.

ಇತರ ದೇಶಗಳು ಕಲಿತ ಪಾಠ

ಮಾಂಸಕ್ಕಾಗಿಯೇ ದನ ಸಾಕುವ ದೇಶಗಳು ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿವೆ. ಅದಕ್ಕೆ ಕಾರಣ ಒಂದು ಕಹಿ ಅನುಭವ. ಬ್ರಿಟನ್ನಿನಲ್ಲಿ ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಯ ಪುಡಿಯನ್ನು ದನಗಳ ಮೇವಿಗೆ ಬೆರೆಸಲಾಗುತ್ತಿತ್ತು. ಅದರಿಂದ ಹುಚ್ಚು ಹಸು ರೋಗ ಹರಡಿತು. ಈ ರೋಗಕ್ಕೂ ಮನುಷ್ಯರ ಮಾರಕ ಮಿದುಳು ಕಾಯಿಲೆಗೂ ಸಂಬಂಧವಿರುವ ಸಂಭವವನ್ನು 1996ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ಲಕ್ಷಾಂತರ ದನಗಳನ್ನು ನಾಶಮಾಡಬೇಕಾಯಿತು. ಅದೇ ವರ್ಷದ ಜುಲೈನಿಂದ ಹುಟ್ಟುವ ಪ್ರತಿ ಕರುವಿಗೂ ಪಾಸ್‌ಪೋರ್ಟ್ ಕಡ್ಡಾಯವಾಯಿತು. ಆಸ್ಟ್ರೇಲಿಯಾ 2005ರ ಹೊತ್ತಿಗೆ, ಉರುಗ್ವೆ 2006ರಲ್ಲಿ ದನಗಳಿಗೆ ವಿದ್ಯುನ್ಮಾನ ಓಲೆಯನ್ನು ಕಡ್ಡಾಯಗೊಳಿಸಿದವು. ಅಮೆರಿಕವು 2024ರ ನವೆಂಬರ್‌ನಿಂದ ರಾಜ್ಯಗಳ ಗಡಿ ದಾಟುವ ಕೆಲವು ವರ್ಗದ ದನಗಳಿಗೆ ಯಂತ್ರದಿಂದ ಓದಬಹುದಾದ ಓಲೆಯೇ ಇರಬೇಕೆಂದು ನಿಯಮ ಮಾಡಿತು.

ಅಲ್ಲಿನ ದೊಡ್ಡ ದೊಡ್ಡ ಹಿಂಡುಗಳಲ್ಲಿ ಪ್ರತಿ ದನದ ತೂಕ, ಮೇವು, ಔಷಧ ಎಲ್ಲವೂ ಸಂಖ್ಯೆಯ ಎದುರು ದಾಖಲಾಗುತ್ತವೆ. ರೋಗಪೀಡಿತ ದನವೊಂದು ಪತ್ತೆಯಾದರೆ ಅದು ಎಲ್ಲಿ ಹುಟ್ಟಿತು, ಯಾವ ಯಾವ ಹಿಂಡಿನೊಡನೆ ಮೇಯಿತು ಎಂದು ಹಿಂದಕ್ಕೆ ಹೋಗಿ ನೋಡಬಹುದು. ಹಾಗಾದರೆ ಒಂದರ ರೋಗಕ್ಕಾಗಿ ಇಡೀ ಜಿಲ್ಲೆಯ ದನಗಳನ್ನು ಕೊಲ್ಲಬೇಕಾಗುವುದಿಲ್ಲ. ಇದರ ಹಿಂದೆ ವ್ಯಾಪಾರದ ಲೆಕ್ಕಾಚಾರವೂ ಇದೆ. ಆದರೂ ತಪ್ಪಿಲ್ಲದ ಜೀವವನ್ನು ಸಂಶಯದ ಮೇಲೆ ನಾಶಮಾಡದಿರುವುದು ನ್ಯಾಯದ ಮಾತೇ ಆಗಿದೆ.

ಗಡಿ ತಾಲ್ಲೂಕುಗಳ ಅಗತ್ಯ

ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ನಮ್ಮದು ಹಾಲಿನ ಜಿಲ್ಲೆ. ಆದರೆ ರೋಗದ ಮಾತಿಗೆ ಬಂದರೆ ನಮ್ಮ ಅಗತ್ಯವೇನೂ ಕಡಿಮೆಯಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡಾಗ ಕೋಲಾರ ಜಿಲ್ಲೆಯ ಕೊಟ್ಟಿಗೆಗಳೂ ಬರಿದಾದುವು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದ ಹಲವು ಕಡೆ ಜಾನುವಾರು ಸಂತೆಗಳನ್ನೇ ನಿಲ್ಲಿಸಬೇಕಾಯಿತು. ಕಂದು ರೋಗ ತಗಲಿದ ಹಸು ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಅದರ ಹಸಿ ಹಾಲಿನಿಂದ, ಕಂದು ಹಾಕಿದಾಗಿನ ಸ್ರಾವವನ್ನು ಬರಿಗೈಯಲ್ಲಿ ಮುಟ್ಟುವುದರಿಂದ ಮನುಷ್ಯರಿಗೂ ದೀರ್ಘಕಾಲದ ಜ್ವರ ತಗಲುತ್ತದೆ. ಇದಕ್ಕೆ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಮಾತ್ರ, ಒಂದೇ ಸಲ ಹಾಕಲಾಗುತ್ತದೆ. ಕರುವಿನ ವಯಸ್ಸು ಬರೆದಿಡದಿದ್ದರೆ ಆ ಸಮಯ ತಪ್ಪಿಹೋಗುತ್ತದೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಬೀಳಬೇಕು. ಅದಕ್ಕೂ ಲೆಕ್ಕ ಬೇಕು.

ನಮ್ಮ ತಾಲ್ಲೂಕುಗಳ ನೆಲೆಯನ್ನೂ ಗಮನಿಸಿ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರಪ್ರದೇಶ. ಶ್ರೀನಿವಾಸಪುರದ ಆಚೆಗೂ ಆಂಧ್ರವೇ. ಮಾಲೂರಿನ ದಕ್ಷಿಣಕ್ಕೆ ಹೊಸೂರಿನ ಸೀಮೆ, ತಮಿಳುನಾಡು. ನೆಂಟಸ್ತಿಕೆಯೂ ವ್ಯಾಪಾರವೂ ಗಡಿಯನ್ನು ದಾಟುತ್ತವೆ, ರಾಸುಗಳೂ ದಾಟುತ್ತವೆ, ಅವುಗಳೊಡನೆ ರೋಗವೂ ದಾಟುತ್ತದೆ. ರಾಜ್ಯದ ಗಡಿಯಲ್ಲಿ ನಿಲ್ಲದ, ಮೂರು ರಾಜ್ಯಗಳಲ್ಲಿಯೂ ಒಂದೇ ರೀತಿ ಓದಬಹುದಾದ ಸಂಖ್ಯೆ ನಮ್ಮಂತಹ ಗಡಿಯವರಿಗೇ ಹೆಚ್ಚು ಉಪಯುಕ್ತ. ರೋಗವಿರುವ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದು ಪ್ರವಾದಿ(ಸ)ರು ಒಡೆಯರಿಗೆ ಆದೇಶಿಸಿದ್ದಾರೆ. ಯಾವುದು ರೋಗದ ಊರಿನಿಂದ ಬಂದಿದೆ ಎಂಬುದೇ ತಿಳಿಯದಿದ್ದರೆ ಈ ಆದೇಶವನ್ನು ಪಾಲಿಸುವುದು ಹೇಗೆ?

ಟವಲಿನ ಕೆಳಗಿನ ವ್ಯಾಪಾರ

ನಮ್ಮ ಕಡೆ ರಾಸಿನ ವ್ಯಾಪಾರ ಟವಲಿನ ಕೆಳಗೆ ಬೆರಳು ಹಿಡಿದು ನಡೆಯುತ್ತದೆ. ಬೆಲೆಯನ್ನು ಗುಟ್ಟಾಗಿಡುವುದರಲ್ಲಿ ತಪ್ಪಿಲ್ಲ. ದೋಷವನ್ನು ಗುಟ್ಟಾಗಿಡುವುದು ಮಾತ್ರ ಪಾಪ. ಕೆಚ್ಚಲು ತುಂಬಿ ಕಾಣಲೆಂದು ಎರಡು ಹೊತ್ತು ಹಾಲು ಕರೆಯದೆ ಹಸುವನ್ನು ಮಾರುಕಟ್ಟೆಗೆ ತರುವ ಚಾಳಿ ಹದಿನಾಲ್ಕು ಶತಮಾನಗಳ ಹಿಂದೆಯೂ ಇತ್ತು. ಪ್ರವಾದಿ(ಸ)ರು ಅದನ್ನು ನಿಷೇಧಿಸಿದರು. ಹಾಗೆ ಮೋಸಹೋಗಿ ಕೊಂಡವನಿಗೆ ಮೂರು ದಿನಗಳೊಳಗೆ ಪ್ರಾಣಿಯನ್ನು ಮರಳಿಸುವ ಹಕ್ಕನ್ನೂ ಕೊಟ್ಟರು. ಮೋಸ ಮಾಡುವವನು ತಮ್ಮವನಲ್ಲ ಎಂಬ ಅವರ ಎಚ್ಚರಿಕೆ ನಮಗೆಲ್ಲ ತಿಳಿದದ್ದೇ.

ಇಂದಿನ ದಾಖಲೆ ಸತ್ಯವಾಗಿದ್ದರೆ ಕೊಳ್ಳುವವನು ಹಸುವಿನ ಎಷ್ಟನೆಯ ಸೂಲು, ಎಷ್ಟು ಸಲ ಗರ್ಭಧಾರಣೆ ವಿಫಲವಾಗಿದೆ, ಲಸಿಕೆ ಯಾವಾಗ ಬಿದ್ದಿದೆ ಎಂದು ಕೇಳಿ ತಿಳಿಯಬಹುದು. ಸಾಲ ಮಾಡಿ ಸೀಮೆಹಸು ಕೊಳ್ಳುವ ಒಬ್ಬ ವಿಧವೆಗೆ ಇದು ಸಣ್ಣ ರಕ್ಷಣೆಯಲ್ಲ. ಹೊಸ ತಂತ್ರಜ್ಞಾನ ಇನ್ನೂ ಮುಂದೆ ಹೋಗಿದೆ. ಹಸುವಿನ ಮೂತಿಯ ಮೇಲಿನ ಗೆರೆಗಳು ಮನುಷ್ಯನ ಬೆರಳಚ್ಚಿನಂತೆ ಒಂದರಂತೆ ಇನ್ನೊಂದಿರುವುದಿಲ್ಲ. ಅವುಗಳ ಚಿತ್ರದಿಂದಲೇ ರಾಸನ್ನು ಗುರುತಿಸುವ ಮೊಬೈಲ್ ವಿಧಾನಗಳು ಬಂದಿವೆ. ಕಾಲಿಗೆ ಕಟ್ಟುವ ಸಾಧನವು ಹಸುವಿನ ಹೆಜ್ಜೆಗಳನ್ನು ಎಣಿಸಿ ಅದು ಬೆದೆಗೆ ಬಂದಿರುವುದನ್ನು ತಿಳಿಸುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ ದಿನಗಳ ಮೇವಿನ ಖರ್ಚು ಬಡವನ ಮೈಮೇಲೆ ಬೀಳುತ್ತದೆ. ಎರಡು ಹಸು ಸಾಕುವವನಿಗೆ ಇಂತಹ ಸಾಧನ ಇಂದು ದುಬಾರಿ. ಅವನಿಗೆ ಸುಲಭವಾಗಿ ದೊರೆಯುವುದು ಕಿವಿಯೋಲೆಯೇ.

ಆದರೆ ನಮ್ಮಲ್ಲಿ ಆಗುತ್ತಿರುವುದೇನು? ಹಸು ಕೈ ಬದಲಾಗುತ್ತದೆ, ಹೆಸರು ಬದಲಾಗುವುದಿಲ್ಲ. ದಾಖಲೆಯಲ್ಲಿ ಹಳೆಯ ಒಡೆಯನೇ ಉಳಿಯುತ್ತಾನೆ. ಹಸು ಸತ್ತಾಗ ಹೊಸ ಒಡೆಯನ ವಿಮೆಯ ಅರ್ಜಿ ತಿರಸ್ಕೃತವಾಗುವ ಅಪಾಯವಿದೆ, ಏಕೆಂದರೆ ಪರಿಹಾರ ಸಿಗುವುದು ಓಲೆಯ ಸಂಖ್ಯೆಯ ಆಧಾರದ ಮೇಲೆ. ಕೆಲವರು ಮಾರುವ ಮುನ್ನ ಓಲೆಯನ್ನೇ ಕತ್ತರಿಸಿಬಿಡುತ್ತಾರೆ. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತದಲ್ಲಿ ಅಲ್ಲಾಹನು ಸಾಲದ ವ್ಯವಹಾರವನ್ನು ಬರೆದಿಡಲು, ಬರೆಯಬಲ್ಲವನು ಬರೆಯಲು ನಿರಾಕರಿಸದಿರಲು, ಕ್ರಯವಿಕ್ರಯಕ್ಕೆ ಸಾಕ್ಷಿ ಇಟ್ಟುಕೊಳ್ಳಲು ಆದೇಶಿಸಿದ್ದಾನೆ. ಅರ್ಧ ಹಣ ಈಗ, ಅರ್ಧ ಹಣ ಯುಗಾದಿಗೆ ಎಂಬ ಮಾತಿನ ಮೇಲೆ ನಡೆಯುವ ನಮ್ಮ ಹಸು ವ್ಯಾಪಾರಕ್ಕೆ ಈ ಆದೇಶ ಪೂರ್ಣವಾಗಿ ಅನ್ವಯಿಸುತ್ತದೆ.

ಭಯದ ಪ್ರಶ್ನೆ

ಇನ್ನು ಎರಡನೆಯ ಪ್ರಶ್ನೆ. ನಮ್ಮವರ ಭಯ ಆಧಾರವಿಲ್ಲದ್ದಲ್ಲ. 2017ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ವರದಿಯಲ್ಲಿ, ಬಾಂಗ್ಲಾದೇಶದ ಗಡಿಯಲ್ಲಿ ನಡೆಯುವ ದನಗಳ ಕಳ್ಳಸಾಗಣೆಯನ್ನು ತಡೆಯಲು ಪ್ರತಿ ಹಸುವಿಗೂ ವಿಶಿಷ್ಟ ಸಂಖ್ಯೆ ನೀಡಬೇಕೆಂಬ ಶಿಫಾರಸಿತ್ತು. ಅಂದರೆ ಈ ಸಂಖ್ಯೆಯ ಬಗ್ಗೆ ಯೋಚಿಸಿದವರಲ್ಲಿ ಆರೋಗ್ಯದ ಉದ್ದೇಶದವರೂ ಇದ್ದರು, ಕಾವಲಿನ ಉದ್ದೇಶದವರೂ ಇದ್ದರು. ಕರ್ನಾಟಕದ 1964ರ ಕಾನೂನು ಹನ್ನೆರಡು ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಎಮ್ಮೆ, ಕೋಣಗಳ ವಧೆಗೆ ಪ್ರಮಾಣಪತ್ರದ ಮೇಲೆ ಅವಕಾಶ ನೀಡಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾನೂನು ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ಪೂರ್ಣವಾಗಿ ನಿಷೇಧಿಸಿತು. 13 ವರ್ಷದೊಳಗಿನ ಎಮ್ಮೆ, ಕೋಣಗಳನ್ನೂ ಅದೇ ಪಟ್ಟಿಗೆ ಸೇರಿಸಿತು. ಶಿಕ್ಷೆ 3ರಿಂದ 7 ವರ್ಷಗಳ ಸೆರೆವಾಸ. 2023ರ ಮಾರ್ಚ್ ಕೊನೆಯಲ್ಲಿ ಕನಕಪುರ ತಾಲ್ಲೂಕಿನ ಸಾತನೂರಿನ ಬಳಿ ಗೋರಕ್ಷಕರೆಂದು ಹೇಳಿಕೊಳ್ಳುವವರು ದನಗಳ ವಾಹನವೊಂದನ್ನು ತಡೆದರು. ಬಳಿಕ ಒಬ್ಬ ವ್ಯಾಪಾರಿ ಶವವಾಗಿ ಪತ್ತೆಯಾದರು. ಸಂತೆಯಲ್ಲಿ ಕೊಂಡ ಕಾಗದ ತೋರಿಸಿದರೂ ಬಿಡಲಿಲ್ಲವೆಂದು ದೂರಿನಲ್ಲಿತ್ತು.

ಹೀಗಿರುವಾಗ ದಾಖಲೆಯಿಂದ ದೂರವಿರುವುದೇ ಕ್ಷೇಮವೆಂದು ಕೆಲವರು ಭಾವಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕಾನೂನಿನಲ್ಲಿ ಎಮ್ಮೆಯ ವಯಸ್ಸು 13 ಎಂಬ ಗೆರೆ ಎಳೆದ ಮೇಲೆ, ಹಲ್ಲು ನೋಡಿ ಹನ್ನೆರಡೋ ಹದಿಮೂರೋ ಎಂದು ಹೇಳುವವನು ಯಾರು? ಬರೆದಿಟ್ಟ ಹುಟ್ಟಿದ ದಿನವೇ ಅಲ್ಲಿ ಸಾಕ್ಷಿ. ಹಾಲು ಕರೆಯಲೆಂದು ಶ್ರೀನಿವಾಸಪುರದಿಂದ ಕೋಲಾರಕ್ಕೆ ಹಸು ಸಾಗಿಸುವವನ ಬಳಿ ತನ್ನ ಹೆಸರಿಗೆ ವರ್ಗವಾದ ಸಂಖ್ಯೆ, ಕೊಟ್ಟವನ ಹೆಸರು, ಸೂಲಿನ ವಿವರ ಇದ್ದರೆ, ಠಾಣೆಯಲ್ಲಿಯೂ ನ್ಯಾಯಾಲಯದಲ್ಲಿಯೂ ಅದು ಮಾತನಾಡುತ್ತದೆ. ಇದರ ಜೊತೆಗೆ ಸಾಗಣೆಗೆ ಕಾನೂನು ಕೇಳುವ ಕಾಗದಗಳೂ ಇರಬೇಕು. ಓಲೆಯಿಲ್ಲದ ಹಸುವಿನ ಪಕ್ಕದಲ್ಲಿ ನಿಂತ ಬಡವನಿಗೆ ತನ್ನ ಮಾತಲ್ಲದೆ ಬೇರೆ ಸಾಕ್ಷಿಯಿರುವುದಿಲ್ಲ. ರಸ್ತೆಯಲ್ಲಿ ದೊಣ್ಣೆ ಹಿಡಿದು ನಿಲ್ಲುವವನನ್ನು ಓಲೆ ತಡೆಯಲಾರದು ಎಂಬುದು ನಿಜ. ಅವನನ್ನು ತಡೆಯಬೇಕಾದದ್ದು ಸರ್ಕಾರ. ಈ ಕಾನೂನಿನಡಿ ತಪಾಸಣೆಯ ಅಧಿಕಾರವಿರುವುದು ನೇಮಿತ ಅಧಿಕಾರಿಗೆ ಮತ್ತು ಸಬ್‌ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಲ್ಲದ ಪೊಲೀಸ್ ಅಧಿಕಾರಿಗೆ. ಸಂಖ್ಯೆ ಓದಿ ಪರೀಕ್ಷಿಸಬಹುದಾದ ವ್ಯವಸ್ಥೆ ಇರುವಾಗ, ದಾರಿಹೋಕರ ಗುಂಪಿಗೆ ಪರೀಕ್ಷೆಯ ನೆಪವೇ ಉಳಿಯದಂತೆ ಪೊಲೀಸರು ನೋಡಿಕೊಳ್ಳಬೇಕು.

ಸರ್ಕಾರಕ್ಕೆ ಇನ್ನೂ ಒಂದು ಹೊಣೆಯಿದೆ. ಪ್ರತಿ ಹೋರಿಕರುವಿಗೂ, ಬತ್ತಿದ ಪ್ರತಿ ಮುದಿ ಹಸುವಿಗೂ ಸಂಖ್ಯೆ ಕೊಟ್ಟ ಮೇಲೆ, ಅವುಗಳ ಮೇವಿನ ಭಾರವನ್ನು ಯಾರು ಹೊರಬೇಕೆಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. ಗೋಶಾಲೆಯ ಹಸುವನ್ನು ದತ್ತು ಪಡೆಯಲು 2022ರಲ್ಲಿ ಆರಂಭವಾದ ಪುಣ್ಯಕೋಟಿ ಯೋಜನೆಯಲ್ಲಿ ವರ್ಷಕ್ಕೆ 11,000 ರೂಪಾಯಿ ನಿಗದಿಯಾಗಿತ್ತು. ಅದೇ ಹಸುವನ್ನು ತನ್ನ ಕೊಟ್ಟಿಗೆಯಲ್ಲಿ ಸಾಕುವ ರೈತ, ಅವನು ಯಾವ ಧರ್ಮದವನೇ ಆಗಿರಲಿ, ಈ ಖರ್ಚನ್ನು ಎಲ್ಲಿಂದ ತರಬೇಕು? ಹಝ್ರತ್ ಉಮರ್(ರ) ಸಾರ್ವಜನಿಕ ಹುಲ್ಲುಗಾವಲಿಗೆ ಮೇಲ್ವಿಚಾರಕನನ್ನು ನೇಮಿಸಿದಾಗ, ಉಸ್ಮಾನ್ ಬಿನ್ ಅಫ್ಫಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಂತಹ ಶ್ರೀಮಂತರ ಹಿಂಡುಗಳಿಗಿಂತ ಮೊದಲು ಕೆಲವೇ ಒಂಟೆ ಕುರಿಗಳಿರುವ ಬಡವರನ್ನು ಒಳಗೆ ಬಿಡಬೇಕೆಂದು ತಾಕೀತು ಮಾಡಿದ್ದರು. ಬಡವನ ಪ್ರಾಣಿಗಳು ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫರ ಬಾಗಿಲಿಗೇ ಬರುತ್ತಾನೆ ಎಂಬುದು ಅವರ ಕಾರಣವಾಗಿತ್ತು. ಇದು ಬುಖಾರಿಯಲ್ಲಿದೆ. ಹನ್ನೆರಡು ಅಂಕಿಗಳ ದಾಖಲೆ ಒಂದೆರಡು ಹಸುಗಳ ಒಡೆಯನನ್ನು ಮೊದಲು ನೋಡಬೇಕು. ಲಸಿಕೆಗೂ ಪರಿಹಾರಕ್ಕೂ ಓಲೆ ಕೇಳುವ ಅಧಿಕಾರಿ, ಕಳೆದುಹೋದ ಓಲೆಯನ್ನು ಬದಲಿಸಲು ತಿಂಗಳುಗಟ್ಟಲೆ ಅಲೆಸಬಾರದು. ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಕರ್ತವ್ಯವನ್ನು ಮುಂದೂಡಿದವರ ಕಥೆಯನ್ನು ಅಲ್ ಬಕರಃ ಅಧ್ಯಾಯವೇ ಹೇಳುತ್ತದೆ.

ನಾವು ಮಾಡಬೇಕಾದುದು

ಸರ್ಕಾರ ತನ್ನ ಹೊಣೆ ನಿರ್ವಹಿಸುವವರೆಗೂ ನಾವು ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಪಾಲಿನ ಕೆಲಸ ಸರಳವಾಗಿದೆ. ಕರು ಹುಟ್ಟಿದ ದಿನವನ್ನು ಮನೆಯ ಕ್ಯಾಲೆಂಡರಿನ ಮೇಲಾದರೂ ಬರೆದಿಡಿ, ಓಲೆ ಹಾಕಿಸುವಾಗ ಆ ದಿನವನ್ನೇ ಹೇಳಿ. ಮಾರುವಾಗ, ಕೊಳ್ಳುವಾಗ ಇಬ್ಬರೂ ಪಶು ಆಸ್ಪತ್ರೆಗೆ ಹೋಗಿ ಹೆಸರು ಬದಲಿಸಿರಿ. ಇಬ್ಬರು ಸಾಕ್ಷಿಗಳ ಸಹಿಯಿರುವ ಒಂದು ಚೀಟಿಯನ್ನೂ ಬರೆದುಕೊಳ್ಳಿರಿ. ಹಸು ಸತ್ತರೆ ಅಂದೇ ತಿಳಿಸಿರಿ. ಓಲೆ ಬಿದ್ದುಹೋದರೆ ಹೊಸದನ್ನು ಹಾಕಿಸಿ, ಹಳೆಯ ಸಂಖ್ಯೆಯನ್ನು ಅದರೊಡನೆ ಸೇರಿಸಲು ಕೇಳಿರಿ. ರಾಸಿಗೆ ಕಾಯಿಲೆಯಾದರೆ 1962ಕ್ಕೆ ಕರೆ ಮಾಡಿರಿ.

ನಮ್ಮ ಮನೆಗಳಲ್ಲಿ ಹಸುವಿನ ಕೆಲಸವನ್ನು ಹೆಚ್ಚಾಗಿ ಮಾಡುವವರು ತಾಯಂದಿರು, ಸಹೋದರಿಯರು. ಹಸು ಯಾವಾಗ ಮೇವು ಬಿಟ್ಟಿತು, ಯಾವಾಗ ಬೆದೆಗೆ ಬಂದಿತು ಎಂಬುದು ಅವರಿಗೇ ಗೊತ್ತು. ಆದರೆ ದಾಖಲೆಯಲ್ಲಿರುವುದು ಗಂಡಸರ ಹೆಸರು, ಗಂಡಸರ ಮೊಬೈಲ್ ಸಂಖ್ಯೆ. ಹಸು ಯಾರ ಹಣದಿಂದ ಬಂದಿದೆಯೋ ಅವರ ಹೆಸರೇ ದಾಖಲಾಗಬೇಕು. ಮಹರ್ ಹಣದಿಂದ ಕೊಂಡ ಹಸು ಹೆಂಡತಿಯದು. ಶಾಲೆಗೆ ಹೋಗುವ ಮಗಳಿಗೆ ಆ ಸಂಖ್ಯೆಯನ್ನು ಓದಿ ಬರೆದಿಡುವ ಕೆಲಸ ಕೊಡಬಹುದು. ಜುಮಾ ನಮಾಝಿನ ನಂತರ ಲಸಿಕೆಯ ದಿನವನ್ನು ಪ್ರಕಟಿಸುವುದರಿಂದ ಮಸೀದಿಯ ಘನತೆಗೆ ಕುಂದೇನೂ ಬರುವುದಿಲ್ಲ. ಪಕ್ಕದ ಮನೆಯ ಹಿಂದೂ ಸಹೋದರನ ಹಸುವಿಗೂ ನಮ್ಮ ಹಸುವಿಗೂ ತಗಲುವ ರೋಗ ಒಂದೇ, ಬರಬೇಕಾದ ಲಸಿಕೆಯೂ ಒಂದೇ.

ತನ್ನ ಒಂಟೆಯನ್ನು ಹಸಿವಿನಿಂದ ಬಳಲಿಸಿ, ಅತಿಯಾಗಿ ದುಡಿಸುತ್ತಿದ್ದ ಒಬ್ಬ ಒಡೆಯನನ್ನು ಪ್ರವಾದಿ(ಸ)ರು ಕರೆಸಿ, ಅಲ್ಲಾಹನು ನಿನ್ನ ವಶಕ್ಕೆ ಕೊಟ್ಟ ಈ ಪ್ರಾಣಿಯ ವಿಷಯದಲ್ಲಿ ನಿನಗೆ ಅವನ ಭಯವಿಲ್ಲವೇ ಎಂದು ಪ್ರಶ್ನಿಸಿದರು. ಒಂಟೆಯೇ ತಮ್ಮ ಬಳಿ ದೂರು ಹೇಳಿತೆಂದೂ ತಿಳಿಸಿದರು. ಅಬೂ ದಾವೂದ್ ಸಂಗ್ರಹದಲ್ಲಿ ಈ ಪ್ರಸಂಗವಿದೆ. ನಮ್ಮ ಹಸುವಿನ ದೂರನ್ನು ಕೇಳಿಸಿಕೊಳ್ಳುವ ಶಕ್ತಿ ನಮಗಿಲ್ಲ. ಅದು ಎಷ್ಟು ವರ್ಷ ಹಾಲು ಕೊಟ್ಟಿತು, ಯಾವ ಕಾಯಿಲೆಯಿಂದ ನರಳಿತು, ಯಾರು ಆರೈಕೆ ಮಾಡಿದರು, ಯಾರು ಕೈಬಿಟ್ಟರು ಎಂಬುದನ್ನು ಬರೆದಿಡುವಷ್ಟು ಮಾತ್ರ ನಮ್ಮ ಕೈಯಲ್ಲಿದೆ. ಆ ಬರಹವನ್ನು ಸತ್ಯವಾಗಿಡುವ ಮನಸ್ಸನ್ನು ಅಲ್ಲಾಹನು ರಾಸಿನ ಒಡೆಯರಿಗೂ ವ್ಯಾಪಾರಿಗಳಿಗೂ ಆಳುವವರಿಗೂ ಕರುಣಿಸಲಿ. ಆಮೀನ್.